ವಿಯೆನ್ನಾದಲ್ಲಿ ಒಂದು ದಿನ ಬಿಡುವಿದ್ದರೆ

ಪ್ರಶ್ನೆ: ದಾವಣಗೆರೆಯಲ್ಲಿ ಮೂಳೆ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದೇನೆ. 2024ರ ಅಕ್ಟೋಬರ್ 2ರಿಂದ 4ರವರೆಗೆ ವಿಯೆನ್ನಾದಲ್ಲಿ ನಡೆಯುವ ಬೆನ್ನುಮೂಳೆ ತಜ್ಞರ ಯೂರೋಸ್ಪೈನ್ ಸಮ್ಮೇಳನಕ್ಕೆ ಮೊದಲ ಸಲ ಹೊರಟಿದ್ದೇನೆ. ಮರುದಿನ ಬಿಡುವಿದೆ. ಏನು ನೋಡಲಿ, ಡಾಕ್ಟ್ರೇ?

ಉತ್ತರ: ಕೇಳಿ ತುಂಬಾ ಖುಷಿಯಾಯಿತಮ್ಮ. ಸಮ್ಮೇಳನದಲ್ಲಿ ಬೆನ್ನುಮೂಳೆಗೆ ಕೂರಿಸುವ ಸ್ಕ್ರೂ, ರಾಡುಗಳ ಮಳಿಗೆಗಳಲ್ಲೇ ಹೊತ್ತು ಕಳೆಯಬೇಡಿ. ತಮ್ಮ ಅಧ್ಯಯನದ ಪೋಸ್ಟರ್ ಮಾಡಿದವರನ್ನು ಹಿಡಿದು, ಆಪರೇಷನ್ ಆಗಿ ಎರಡು ವರ್ಷಕ್ಕೆ ರೋಗಿ ಹೇಗಿದ್ದಾರೆ ಎಂದು ಕೇಳಿ. ಎಕ್ಸ್‌ರೇ ನೆಟ್ಟಗಿದ್ದರೆ ಸಾಲದು, ಆ ಮನುಷ್ಯ ಗದ್ದೆಗಿಳಿದು ಕೆಲಸ ಮಾಡಬೇಕು.

ಬಿಡುವಿನ ದಿನ ಅರಮನೆಗಿಂತ ಮೊದಲು ಜೋಸೆಫಿನಮ್ ಎಂಬ ವೈದ್ಯಕೀಯ ಮ್ಯೂಸಿಯಂಗೆ ಹೋಗಿ. ಸೈನ್ಯದ ಶಸ್ತ್ರವೈದ್ಯರನ್ನು ತಯಾರು ಮಾಡಲೆಂದು ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ 1785ರಲ್ಲಿ ತೆರೆದ ಸಂಸ್ಥೆ ಅದು. ಇಟಲಿಯ ಫ್ಲಾರೆನ್ಸಿನಲ್ಲಿ ಮಾಡಿಸಿ, ಆಲ್ಪ್ಸ್ ದಾಟಿಸಿ ತರಿಸಿದ ಮೇಣದ ದೇಹಗಳು ಗಾಜಿನ ಪೆಟ್ಟಿಗೆಗಳಲ್ಲಿವೆ. ನರ, ರಕ್ತನಾಳ, ಸ್ನಾಯು ಎಲ್ಲ ಬಣ್ಣಬಣ್ಣದಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಎಂಆರ್‌ಐ ನೋಡಿ ಬೆಳೆದ ನಿಮ್ಮ ಪೀಳಿಗೆ ಇದನ್ನು ನಿಧಾನವಾಗಿ ನೋಡಲೇಬೇಕು.

ಅಲ್ಲಿಂದ ನಡೆದೇ ನಾರೆನ್‌ಟುರ್ಮ್‌ಗೆ ಹೋಗಬಹುದು. ಮಾನಸಿಕ ರೋಗಿಗಳಿಗೆಂದು 1784ರಲ್ಲಿ ಕಟ್ಟಿದ ದುಂಡನೆಯ ಕಟ್ಟಡದಲ್ಲಿ ಈಗ ರೋಗಶಾಸ್ತ್ರದ ಸಂಗ್ರಹವಿದೆ. ರೋಗದಿಂದ ಬಾಗಿ ಸೊಟ್ಟಗಾದ ಅಸ್ಥಿಪಂಜರಗಳನ್ನು ಎದುರಿಗೇ ನೋಡಬಹುದು. ಈ ಎರಡು ಜಾಗಗಳೂ ವಾರವಿಡೀ ತೆರೆದಿರುವುದಿಲ್ಲ, ವೇಳೆ ಮೊದಲೇ ವಿಚಾರಿಸಿಕೊಳ್ಳಿ.