ಸಂಪಾದಕರ ಉತ್ತರ: ಪ್ರಾಣಿಗೃಹದ ಮೊಲಕ್ಕೆ ದಿಕ್ಕು ಯಾರು?

ಅರಸೀಕೆರೆ ತಾಲ್ಲೂಕಿನಿಂದ ಪತ್ರ ಬರೆದ ಹಿರಿಯರಿಗೆ ನಮಸ್ಕಾರಗಳು. ಮಗಳು ಓದುವ ಹಾಸನದ ಕಾಲೇಜಿನಲ್ಲಿ ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿ, ಮೊಲಗಳನ್ನು ಕಂಡು ಬಂದ ತಾವು ಎರಡು ಪ್ರಶ್ನೆ ಕೇಳಿದ್ದೀರಿ. ಎತ್ತಿಗೆ ಬಾರಕೋಲು ಬೀಸಿದವನ ಮೇಲೆ ಕೇಸು ಹಾಕುವ ಕಾನೂನು ಪ್ರಯೋಗ ಮಾಡುವವರನ್ನು ಹೇಗೆ ಬಿಡುತ್ತದೆ? ಪ್ರಯೋಗಕ್ಕೆ ಒಪ್ಪಿಗೆ ಕೊಡುವ, ಕಾಲೇಜಿನವರೇ ಇರುವ ಸಮಿತಿ ಕಾಲೇಜಿನವರನ್ನು ಕಾಯುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೇ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಹೊಸ ಜ್ಞಾನಕ್ಕಾಗಿ, ರೋಗ ಪರಿಹಾರಕ್ಕಾಗಿ ನಡೆಯುವ ಪ್ರಯೋಗಗಳಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಆದರೆ ಅರಿವಳಿಕೆಯಿಲ್ಲದೆ ಶಸ್ತ್ರಕ್ರಿಯೆ ಮಾಡಬಾರದು, ಚಿಕ್ಕ ಪ್ರಾಣಿಯಿಂದ ಆಗುವ ಕೆಲಸಕ್ಕೆ ದೊಡ್ಡದನ್ನು ಬಳಸಬಾರದು, ಬರೀ ಕೈ ಪಳಗಿಸಿಕೊಳ್ಳಲು ಪ್ರಾಣಿಯನ್ನು ಕೊಯ್ಯುವುದನ್ನು ಆದಷ್ಟೂ ತಪ್ಪಿಸಬೇಕು ಎಂಬ ಕಟ್ಟುಪಾಡುಗಳೂ ಅದರಲ್ಲೇ ಇವೆ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳು ತಮಗೆ ನೆನಪಿರಬೇಕು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯ ಜಾಗಕ್ಕೆ ಈಗ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸುವ ಲಸಿಕೆ ಬಂದಿದೆ. ಪ್ರಾಣಿಗೆ ಬದಲಿ ಸಿಕ್ಕಲ್ಲಿ ಬದಲಿಯನ್ನೇ ಬಳಸಬೇಕೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚದು.

ತಮ್ಮ ಎರಡನೆಯ ಅನುಮಾನ ಅರ್ಧ ಸರಿ. ನೋಂದಾಯಿತ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯಲ್ಲಿ ಸಂಸ್ಥೆಯ ವಿಜ್ಞಾನಿಗಳು ಮತ್ತು ಪಶುವೈದ್ಯರ ಜೊತೆಗೆ ಹೊರಗಿನ ವಿಜ್ಞಾನಿಯೊಬ್ಬರು, ವಿಜ್ಞಾನಿಯಲ್ಲದ ಸಾಮಾಜಿಕ ಕಾಳಜಿಯ ಒಬ್ಬರು ಹಾಗೂ ಕೇಂದ್ರದ ಮೇಲ್ವಿಚಾರಣಾ ಸಮಿತಿ ನೇಮಿಸಿದ ಸದಸ್ಯರು ಇರಲೇಬೇಕು. ಮೂವತ್ತಾರು ಇಲಿ ಏಕೆ, ಇಪ್ಪತ್ನಾಲ್ಕು ಸಾಲದೇ ಎಂದು ಕೇಳುವುದು ಇವರ ಕೆಲಸ. ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗವಾದರೆ ಇವರ ಒಪ್ಪಿಗೆಯಷ್ಟೇ ಸಾಲದು, ಪ್ರಸ್ತಾವ ಕೇಂದ್ರ ಸಮಿತಿಗೆ ಹೋಗಬೇಕು.

ಎಡವುವುದು ಒಪ್ಪಿಗೆ ಸಿಕ್ಕ ಮೇಲೆ. ಹಲವು ವರ್ಷಗಳ ಹಿಂದೆ ಆಷಾಢದ ಜಡಿಮಳೆಯಲ್ಲಿ ಮಲೆನಾಡಿನ ಸಂಸ್ಥೆಯೊಂದರ ಪ್ರಾಣಿಗೃಹಕ್ಕೆ ಹೋಗಿದ್ದೆ. ಇಲಿ, ಮೊಲಗಳ ಕೋಣೆಯಲ್ಲಿ ಉಷ್ಣತೆ 18ರಿಂದ 29 ಡಿಗ್ರಿ, ತೇವಾಂಶ ಶೇ 30ರಿಂದ 70ರ ಒಳಗೆ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಗೋಡೆಗೆ ಬೂಸ್ಟು ಹತ್ತಿದ್ದ ಆ ಕೋಣೆಯ ದಾಖಲೆ ಪುಸ್ತಕದಲ್ಲಿ ತಿಂಗಳಿಡೀ ತೇವಾಂಶ 55 ಎಂದೇ ಬರೆದಿತ್ತು. ನಾವು ಹೋದದ್ದು ಮಧ್ಯಾಹ್ನ, ಆ ದಿನದ ಸಂಜೆಯ ಅಂಕಿಯೂ ಆಗಲೇ ತುಂಬಿತ್ತು. ಬರೆದವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಭಾನುವಾರವೂ ಬಂದು ನೀರಿನ ಬಾಟಲಿ ತುಂಬಿಸಿ, ಪಂಜರದ ಹೊಟ್ಟು ಬದಲಿಸುತ್ತಿದ್ದವನು ಆ ದಿನಗೂಲಿ ಹುಡುಗನೊಬ್ಬನೇ. ಪುಸ್ತಕದ ಪ್ರತಿ ಪುಟದ ಕೆಳಗೂ ಮೇಲಿನವರ ರುಜು ಮಾತ್ರ ತಪ್ಪದೆ ಇತ್ತು.

ಆದ್ದರಿಂದ ಹೇಳದೆ ಕೇಳದೆ ಒಳಹೊಕ್ಕು ನೋಡುವ ಹೊರಗಿನ ಸದಸ್ಯರಿಲ್ಲದಿದ್ದರೆ ಸಮಿತಿ ಇದ್ದೂ ಇಲ್ಲದಂತೆ ಎಂಬುದು ನನ್ನ ಅಭಿಪ್ರಾಯ. ಪ್ರಯೋಗದ ನಿಯಮ ಮುರಿದರೆ ಕಾಯ್ದೆ ವಿಧಿಸುವ ದಂಡ ಹೆಚ್ಚೆಂದರೆ 200 ರೂಪಾಯಿ, ಅದಕ್ಕೆ ಯಾರೂ ಹೆದರುವುದಿಲ್ಲ. ಪ್ರಯೋಗವನ್ನೇ ನಿಷೇಧಿಸುವ ಅಧಿಕಾರ ಕೇಂದ್ರ ಸಮಿತಿಗಿದೆ, ಸಂಸ್ಥೆಗಳು ಹೆದರುವುದು ಅದಕ್ಕೆ.

ತಾವೇನು ಮಾಡಬಹುದೆಂದೂ ಕೇಳಿದ್ದೀರಿ. ಕಾಲೇಜು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಮಿತಿಯ ನಡಾವಳಿಗಳ ಪ್ರತಿ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು. ಸಂಶೋಧನೆಯ ಗುಟ್ಟಿನ ಭಾಗಗಳನ್ನು ಅವರು ತಡೆಹಿಡಿಯಬಹುದು. ಹೊರಗಿನ ಸದಸ್ಯರು ಎಷ್ಟು ಸಭೆಗೆ ಬಂದಿದ್ದರು, ಪ್ರಾಣಿಗೃಹವನ್ನು ಯಾವ ಯಾವ ದಿನ ನೋಡಿದರು ಎಂಬುದರಲ್ಲಿ ಗುಟ್ಟೇನಿಲ್ಲ. ಅರ್ಜಿಯಲ್ಲಿ ಅದನ್ನೇ ಮೊದಲು ಕೇಳಿ.