ಸುಣ್ಣ ಸೇರಿ ಎಷ್ಟು ಹೊತ್ತಾಗಿತ್ತು?

ತೀರ್ಥಹಳ್ಳಿಯ ಸಂಶೋಧಕಿಯವರಿಗೆ,

ಶಿವಮೊಗ್ಗದಿಂದ ನಮಸ್ಕಾರ. ಕವಳ (ಎಲೆಯಡಿಕೆ) ಹಾಕುವವರ ಎಂಜಲನ್ನು ಲಿಕ್ವಿಡ್ ಕ್ರೊಮ್ಯಾಟೋಗ್ರಫಿಯಲ್ಲಿ, ಅಂದರೆ ದ್ರವದ ಜೊತೆ ಕೊಳವೆಯಲ್ಲಿ ಹರಿಸಿ ಬೆರೆತ ವಸ್ತುಗಳನ್ನು ಬೇರ್ಪಡಿಸುವ ವಿಧಾನದಲ್ಲಿ, ಪರೀಕ್ಷಿಸಿದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲ ಎರಡು ಪುಟಗಳಲ್ಲಿ ವ್ಯಾಖ್ಯೆ ಮತ್ತು ಚರಿತ್ರೆ ಬಿಟ್ಟರೆ ಬೇರೇನಿಲ್ಲ. ಮೂರನೆಯ ಪುಟದಲ್ಲಿ ನಿಮ್ಮ ಅಜ್ಜಿ ಎಲೆಗೆ ಸುಣ್ಣ ಸವರುತ್ತಾರಲ್ಲ, ಲೇಖನಕ್ಕೆ ಜೀವ ಬರುವುದು ಅಲ್ಲಿ. ಅಲ್ಲಿಂದಲೇ ಶುರು ಮಾಡಿ. ಕ್ರೊಮ್ಯಾಟೋಗ್ರಫಿ ಕಂಡುಹಿಡಿದ ರಷ್ಯದ ಸಸ್ಯವಿಜ್ಞಾನಿ ತ್ಸ್ವೆಟ್ ಬೇಕೇ ಬೇಕೆಂದರೆ ಒಂದು ಸಾಲು ಸಾಕು: ಎಲೆಯ ಬಣ್ಣಗಳನ್ನು ಅವನು ಬೇರ್ಪಡಿಸಿದ್ದು ಗಾಜಿನ ಕೊಳವೆಗೆ ತುಂಬಿದ ಸೀಮೆಸುಣ್ಣದ ಪುಡಿಯಲ್ಲಿ. 'ದ್ರವವರ್ಣಲೇಖನ' ಎಂಬ ಪದ ಬೇಡ, ಕ್ರೊಮ್ಯಾಟೋಗ್ರಫಿ ಎಂದೇ ಇರಲಿ.

ಅಡಿಕೆಯ ಅಮಲಿನ ವಸ್ತುವಾದ ಅರೆಕೋಲಿನ್ ಒಂದು ಎಸ್ಟರ್ (ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆದ ಸಂಯುಕ್ತ), ಸುಣ್ಣದ ಕ್ಷಾರ ತಾಗಿದರೆ ಅದು ಒಡೆದು ಅರೆಕೈಡಿನ್ ಆಗುತ್ತದೆ, ದೇಹದ ಎಸ್ಟರೇಸ್ ಕಿಣ್ವಗಳೂ ಇದೇ ಕೆಲಸ ಮಾಡುತ್ತವೆ ಎಂಬ ಭಾಗ ಸೊಗಸಾಗಿದೆ. ಆದರೆ ಕೊನೆಗೆ ನೀವು ಬರೆದದ್ದು: 'ಎಂಜಲಲ್ಲಿ ಅರೆಕೈಡಿನ್ ಹೆಚ್ಚು, ಅರೆಕೋಲಿನ್ ಕಡಿಮೆ. ಆದ್ದರಿಂದ ಸುಣ್ಣ ಅಡಿಕೆಯ ಕೆಡುಕನ್ನು ಕಳೆಯುತ್ತದೆ.' ಇದನ್ನು ಒಪ್ಪಲಾರೆ.

ಎಂಜಲು ಬಾಟಲಿಗೆ ಬಂದ ಮೇಲೂ ಸುಣ್ಣ ಅದರಲ್ಲೇ ಇದೆಯಲ್ಲ! ಬೆಂಚಿನ ಮೇಲೆ ಕಾದಷ್ಟು ಹೊತ್ತೂ ಅರೆಕೋಲಿನ್ ಒಡೆಯುತ್ತಲೇ ಇರುತ್ತದೆ. ಬಾಯಲ್ಲಿ ಹುಟ್ಟಿದ್ದೆಷ್ಟು, ಬಾಟಲಿಯಲ್ಲಿ ಹುಟ್ಟಿದ್ದೆಷ್ಟು ಎಂದು ಯಂತ್ರ ಹೇಳಲಾರದು. ಅಡಿಕೆ ಬೇಯಿಸುವ ನಮ್ಮ ಜನಕ್ಕೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಹದ ಬಂದ ಕೂಡಲೇ ಹಂಡೆಯಿಂದ ಎತ್ತದಿದ್ದರೆ ಬೇಯುವುದು ನಿಲ್ಲುವುದಿಲ್ಲ. ಅರೆಕೋಲಿನ್ ಒಡೆಯುವುದು ನಿಲ್ಲಲಿ ಎಂದು ತಕ್ಷಣ ಆಮ್ಲ ಬೆರೆಸಿ ಮಂಜುಗಡ್ಡೆಯಲ್ಲಿಟ್ಟಿರಾ? ರಕ್ತವಾಗಿದ್ದರೆ ಸೋಡಿಯಂ ಫ್ಲೋರೈಡ್‌ನಂಥ ಕಿಣ್ವತಡೆಯೂ ಬೇಕಿತ್ತು. ಕವಳ ಹಾಕದವರ ಎಂಜಲಿಗೆ ಸುಣ್ಣವನ್ನೂ ತೂಗಿದ ಶುದ್ಧ ಅರೆಕೋಲಿನ್ನನ್ನೂ ಬೆರೆಸಿ ಅಷ್ಟೇ ಹೊತ್ತು ಇಟ್ಟು ನೋಡಿದ್ದರೆ ಬಾಟಲಿಯ ಪಾಲು ಗೊತ್ತಾಗುತ್ತಿತ್ತು. ನೋಡಿದ್ದೀರಾ? ಲೇಖನದಲ್ಲಿಲ್ಲ.

ಇನ್ನೊಂದು ಅನುಮಾನ. ವಸ್ತುಗಳನ್ನು ಬೇರ್ಪಡಿಸುವ ಸಿ-18 ಕಾಲಂನಲ್ಲಿ (ಕೊಳವೆಯಲ್ಲಿ) ಅರೆಕೈಡಿನ್ ಹೆಚ್ಚು ಹಿಡಿದು ನಿಲ್ಲುವುದಿಲ್ಲ, ಎಂಜಲಿನ ಲವಣಗಳ ಜೊತೆಗೇ ಬೇಗ ಹೊರಬೀಳುತ್ತದೆ. ನಿಮ್ಮ ಚಿತ್ರದ ಮೊದಲ ದೊಡ್ಡ ಪೀಕ್ (ಗೆರೆಯ ಏರು) ಪೂರ್ತಿ ಅರೆಕೈಡಿನ್ನೇ? ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅರೆಕೈಡಿನ್ ಅಯಾನಿನ 142ರ ಗುರುತು ನೋಡಿ ಖಚಿತಪಡಿಸಿಕೊಂಡಿದ್ದರೆ ಹಾಗೆಂದು ಬರೆಯಿರಿ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿಗೆ, ಸೇರಿಸಿದೆ. ಅದರ ಮಾತೇ ನಿಮ್ಮ ಲೇಖನದಲ್ಲಿಲ್ಲ. ಓದುಗರಲ್ಲಿ ಬೆಳೆಗಾರರು ಬಹಳ, ನೊಂದುಕೊಳ್ಳುತ್ತಾರೆ ಎಂದು ಬಿಟ್ಟಿರಾ? ನನ್ನ ಮನೆಯ ಅನ್ನವೂ ತೋಟದ್ದೇ. ಆದರೂ ಮುಚ್ಚಿಡಬಾರದು. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಒಗರಿನ ಪಾಲಿಫೀನಾಲ್‌ಗಳು ಆಕ್ಸಿಜನ್ ಜೊತೆ ಸೇರಿ ಜೀವಕೋಶಕ್ಕೆ ಹಾನಿ ಮಾಡುವ ಕಣಗಳನ್ನು ಹುಟ್ಟಿಸುತ್ತವೆ. ಒಂದು ವಸ್ತು ಕಡಿಮೆಯಾಯಿತೆಂದು ಇಡೀ ಕವಳ ನಿರಪಾಯವೆನ್ನುವುದು ನಿಮ್ಮ ಅಜ್ಜಿಯಂಥವರಿಗೇ ಮಾಡುವ ಅನ್ಯಾಯ.

ನಿಮ್ಮ ಪ್ರಯೋಗದ ನೋಟ್‌ಬುಕ್ ತೆರೆದು ನೋಡಿ. ಉಗುಳಿದ ಗಳಿಗೆಗೂ ಆಮ್ಲ ಹಾಕಿದ ಗಳಿಗೆಗೂ ನಡುವೆ ಎಷ್ಟು ನಿಮಿಷ ಎಂದು ಬರೆದಿಟ್ಟಿದ್ದರೆ, ಆ ಅಂಕಿಯ ಜೊತೆಗೆ ಲೇಖನ ತಿದ್ದಿ ಕಳಿಸಿ. ಬರೆದಿಟ್ಟಿಲ್ಲವಾದರೆ ಇನ್ನೊಮ್ಮೆ ಪ್ರಯೋಗ ಮಾಡಿ. ನಾನು ಕಾಯುತ್ತೇನೆ.

ನಿಮ್ಮ,
ಸಂಪಾದಕ