ಇಂಗ್ಲಿಷ್ ಪಾಠ ಬಿಟ್ಟು ಬೇರೆ ಫೀಲ್ಡಿಗೆ ಹೋಗ್ತಿದ್ದೀನಿ, ‘ಟೀಚರ್’ ಅನ್ನೋ ಗುರುತನ್ನ ಬಿಡೋದು ಹೇಗೆ?

ಬಿಡೋದು ಯಾಕೆ ಸ್ವಾಮಿ? ರೆಸ್ಯೂಮೆಲಿ ಟೀಚರ್ ಅಂತಿದ್ರೆ ಯಾರೂ ಕರೆಯಲ್ಲ, ತೆಗೆದ್ರೆ ನಾನು ಯಾರು ಅಂತ ನನಗೇ ಗೊತ್ತಾಗ್ತಿಲ್ಲ, ಕೈಲಿ ಒಂದು ಎಡಿಟಿಂಗ್ ಆಫರ್ ಬೇರೆ ಇದೆ ಅಂತ ಬರ್ದಿದ್ದೀರಲ್ಲ, ಓದಿ ಒಂದು ಕ್ಷಣ ಇದನ್ನ ನಾನೇ ಯಾವಾಗ ಬರೆದೆ ಅನ್ನಿಸ್ತು.

ನಾನು ತೆಗೆದೇಬಿಟ್ಟೆ. ಅಲ್ಲೇ ಪೆಟ್ಟು ತಿಂದಿದ್ದು, ಅದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಸಹಿಸ್ಕೊಳ್ಳಿ.

ದೊಡ್ಡವರಿಗೆ ಇಂಗ್ಲಿಷ್ ಕಲಿಸ್ತಿದ್ದೆ, ವರ್ಷಗಟ್ಟಲೆ. ಬಿಡೋವಾಗ ನನ್ನ ಲೆಕ್ಕಾಚಾರ ಏನಿತ್ತು ಅಂದ್ರೆ, ಹೊರಗಡೆ ಬೆಲೆ ಇರೋದು ನನ್ನ ಇಂಗ್ಲಿಷ್‌ಗೆ, ಪಾಠ ಮಾಡೋದು ಕ್ಲಾಸ್‌ರೂಮಲ್ಲೇ ಬಿಟ್ಟು ಬರೋ ಸಾಮಾನು. ಅದಕ್ಕೆ ರೆಸ್ಯೂಮೆಲಿ ಭಾಷೆನೇ ಮುಂದೆ ಮಾಡಿದೆ. ಕಲಿಯೋಕೆ ಬಂದವರಿಗೆ ಏನು ಬೇಕು ಅಂತ ತಿಳ್ಕೊಂಡು ಕೋರ್ಸ್ ಕಟ್ಟಿದ್ದು, ಟೆಸ್ಟ್ ಪೇಪರ್ ತಯಾರು ಮಾಡಿದ್ದು, ಹೊಸ ಟೀಚರ್‌ಗಳ ಕ್ಲಾಸಲ್ಲಿ ಹಿಂದೆ ಕೂತು ನೋಡಿ ಫೀಡ್‌ಬ್ಯಾಕ್ ಕೊಟ್ಟಿದ್ದು, ಎಲ್ಲಾ ಡಿಲೀಟ್. ಸೆಲ್ಟಾ (ಇಂಗ್ಲಿಷ್ ಟೀಚರ್ ಆಗೋಕೆ ಕೇಂಬ್ರಿಡ್ಜ್‌ನವರು ಕೊಡೋ ಸರ್ಟಿಫಿಕೇಟು) ಒಂದು ಉಳಿಸ್ದೆ, ಅದೂ ಬರೀ ಒಂದು ಸಾಲು. 120 ಗಂಟೆ ಕೋರ್ಸದು, ಅದ್ರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡ್ಬೇಕು, ಹಿಂದೆ ಕೂತ ಟ್ಯೂಟರ್ ಎಲ್ಲಾ ಬರ್ಕೊಂಡು ಆಮೇಲೆ ನೀರಿಳಿಸ್ತಾರೆ, ಅದು ಗೊತ್ತಿಲ್ದೇ ಇರೋ ಹೆಚ್‌ಆರ್‌ಗೆ ಸೆಲ್ಟಾ ಅಂದ್ರೆ ಯಾವ್ದೋ ಸ್ಪೋಕನ್ ಇಂಗ್ಲಿಷ್ ಸರ್ಟಿಫಿಕೇಟು ಅಷ್ಟೇ.

ಕೆಲಸ ಸಿಕ್ತು, ಕಂಟೆಂಟ್ ಎಡಿಟರ್, ಫ್ರೆಷರ್ ಸಂಬಳ. ಅನುಭವ ಲೆಕ್ಕಕ್ಕೆ ಬರಲ್ಲ ಅಂದ್ರು. ಬರೋದು ಹೇಗೆ, ನಾನೇ ಅಳಿಸಿದ್ದೆನಲ್ಲ! ಪಕ್ಕದ ಸೀಟಲ್ಲಿ ಪತ್ರಿಕೆಗಳಲ್ಲಿ ಪಳಗಿ ಬಂದವರು, ನಾನು ಒಂದು ಪುಟ ತಿದ್ದೋದ್ರಲ್ಲಿ ಅವರು ಮೂರು ಮುಗಿಸ್ತಿದ್ರು. ಟೀಮಲ್ಲಿ ನಾನು ಗ್ರಾಮರ್ ಪೊಲೀಸ್ ಆದೆ, ನನ್ನ ಹತ್ರ ಮಾತಾಡೋಕೆ ಮುಂಚೆನೇ ಜನ ತಮ್ಮ ಇಂಗ್ಲಿಷ್‌ಗೆ ಸಾರಿ ಕೇಳೋರು. ನನ್ನ ಸ್ಥಿತಿ ಇನ್ನೂ ಕಷ್ಟ, ಒಂದು ಇಮೇಲಲ್ಲಿ ‘ದಿ’ ಬಿಟ್ಟುಹೋದ್ರೂ ಮಾನ ಹೋದಂಗೆ ಆಗೋದು. ತಮಾಷೆ ನೋಡಿ, ಇಂಗ್ಲಿಷ್ ಮಾತೃಭಾಷೆ ಆದವರೇ ಆದರ್ಶ ಟೀಚರ್ ಅನ್ನೋದು ಶುದ್ಧ ಭ್ರಮೆ ಅಂತ ಭಾಷಾಶಾಸ್ತ್ರಜ್ಞ ರಾಬರ್ಟ್ ಫಿಲಿಪ್ಸನ್ 1992ರಲ್ಲೇ ಬರೆದ್ರು, ಅದನ್ನ ನಾನು ಹೊಸ ಟೀಚರ್‌ಗಳಿಗೆ ಹೇಳಿ ಧೈರ್ಯ ತುಂಬ್ತಿದ್ದೆ. ಆದ್ರೆ ಪಾಠ ಕಿತ್ತಾಕಿ ಬರೀ ಭಾಷೆ ಮೇಲೆ ನಿಂತಾಗ ನನ್ನ ಇಂಗ್ಲಿಷ್ ಸಾಲದು ಅನ್ನೋ ಅದೇ ಭಯ ನನ್ನ ಹೆಗಲೇರಿತ್ತು.

ಆಮೇಲೆ ಅಲ್ಲಿ ಸಪೋರ್ಟ್ ಟೀಮಿಗೆ ಹೊಸ ರಿಫಂಡ್ ರೂಲ್ಸ್ ಬಗ್ಗೆ ಟ್ರೈನಿಂಗ್ ಆಯ್ತು, ನಾನು ಸ್ಲೈಡ್ ತಿದ್ದೋಕೆ ಅಂತ ಹೋಗಿ ಕೂತಿದ್ದೆ. ಟ್ರೈನರ್ ಪ್ರತಿ ಸ್ಲೈಡಿಗೂ “ಅರ್ಥ ಆಯ್ತಾ?” ಅನ್ನೋರು, ಎಲ್ರೂ ತಲೆ ಆಡಿಸೋರು, ಮಾರನೇ ದಿನ ಎಲ್ಲಾ ತಪ್ಪೇ. “ಹೀ ಯೂಸ್ಡ್ ಟು ಸ್ಮೋಕ್” ಹೇಳ್ಕೊಟ್ಟ ಯಾವ ಟೀಚರೂ ಅರ್ಥ ಆಯ್ತಾ ಅಂತ ಕೇಳಲ್ಲ. ಮುಂಚೆ ಸೇದ್ತಿದ್ನಾ? ಈಗ ಸೇದ್ತಾನಾ? ಒಂದೇ ಸಲನಾ, ದಿನಾನಾ? ಅಂತ ಕೇಳ್ತೀವಿ, ಉತ್ತರದಲ್ಲೇ ಗೊತ್ತಾಗುತ್ತೆ. ಅದೇ ಥರ ನಾನು ಕೇಳ್ದೆ, ಬಿಲ್ ಕಳ್ಕೊಂಡವರಿಗೆ ದುಡ್ಡು ವಾಪಸ್ ಉಂಟಾ? ಬಿಲ್ ಇದೆ, ಗಡುವು ಮುಗಿದಿದೆ, ಆಗ? ಅರ್ಧ ಜನ ಒಂದು ಹೇಳಿದ್ರು, ಇನ್ನರ್ಧ ಇನ್ನೊಂದು. ಇದನ್ನ ಎಲ್ಲಿ ಕಲಿತ್ರಿ ಅಂತ ಮ್ಯಾನೇಜರ್ ಕೇಳಿದ್ರು, ಅಳಿಸಿದ್ದನ್ನೆಲ್ಲಾ ಆಗ ಬಾಯಲ್ಲಿ ಹೇಳ್ಬೇಕಾಯ್ತು.

ಈಗ ಇನ್‌ಸ್ಟ್ರಕ್ಷನಲ್ ಡಿಸೈನ್ ಮಾಡ್ತೀನಿ, ಅಂದ್ರೆ ಟ್ರೈನಿಂಗ್ ಹೇಗಿರ್ಬೇಕು ಅಂತ ರೂಪಿಸೋ ಕೆಲಸ. ಅದಕ್ಕೆ ಆಡಿ (ADDIE) ಅಂತ ಒಂದು ಮಾಡೆಲ್ ಇದೆ, ಅನಾಲಿಸಿಸ್, ಡಿಸೈನ್, ಡೆವಲಪ್‌ಮೆಂಟ್, ಇಂಪ್ಲಿಮೆಂಟೇಷನ್, ಇವ್ಯಾಲ್ಯುಯೇಷನ್, ಮೊದಲ ಸಲ ನೋಡಿದಾಗ ನಗು ಬಂತು, ನಾವು ವಾರಾವಾರ ಮಾಡ್ತಿದ್ದಿದ್ದು ಇನ್ನೇನು! ಅಳೆಯೋ ವಿಷಯದಲ್ಲಿ ಮಾತ್ರ ಹೊಸದಾಗಿ ಕಲಿಯೋದಿತ್ತು. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಟ್ರೈನಿಂಗ್ ಫಲ ಕೊಡ್ತಾ ಅಂತ ಅಳೆಯೋಕೆ ಹೇಳಿದ ನಾಲ್ಕು ಹಂತಗಳಲ್ಲಿ, ಇಷ್ಟ ಆಯ್ತಾ ಮತ್ತು ಕಲಿತ್ರಾ ಅನ್ನೋ ಎರಡನ್ನ ನಾವು ನೋಡಿರ್ತೀವಿ. ಕೆಲಸದ ಜಾಗದಲ್ಲಿ ನಡೆ ಬದಲಾಯ್ತಾ, ಅದ್ರಿಂದ ಸಂಸ್ಥೆಗೆ ಏನಾಯ್ತು ಅನ್ನೋದನ್ನ ಕ್ಲಾಸ್‌ರೂಮಲ್ಲಿ ಯಾರೂ ನಮ್ಮನ್ನ ಕೇಳಿರಲ್ಲ. ಅದನ್ನ ಕಲೀರಿ, ಡಿಗ್ರಿ ಬೇಡ.

ಇನ್ನು ಗುರುತು. ಹೆಲೆನ್ ಎಬಾ ಅಂತ ಸಮಾಜಶಾಸ್ತ್ರಜ್ಞೆ, ಮುಂಚೆ ಕ್ರೈಸ್ತ ಸನ್ಯಾಸಿನಿ ಆಗಿದ್ದವರು, ಪಾತ್ರಗಳನ್ನ ಬಿಟ್ಟು ಬಂದವರನ್ನ ಅಧ್ಯಯನ ಮಾಡಿ 1988ರಲ್ಲಿ ಬರೆದ್ರು. ಹಳೇ ಪಾತ್ರದ ಉಳಿಕೆ ಒಳಗೆ ಇದ್ದೇ ಇರುತ್ತೆ, ಸುತ್ತಲಿನವರೂ ಹಳೇ ಪಾತ್ರದಲ್ಲೇ ನೋಡ್ತಿರ್ತಾರೆ ಅಂತ. ಅಂದ್ರೆ ಮೊದ್ಲು ಟೀಚರ್‌ತನ ಕಳಚಿಟ್ಟು ಆಮೇಲೆ ಹೊಸ ಕೆಲಸಕ್ಕೆ ಹೋಗ್ತೀನಿ ಅನ್ನೋ ನಿಮ್ಮ ಪ್ಲಾನ್ ಇದೆಯಲ್ಲ, ಅದು ಆಗೋ ಕೆಲಸ ಅಲ್ಲ, ಸುಮ್ನೆ ತಿಂಗಳು ಕಳೆಯುತ್ತೆ. ಪಾಠ ಮಾಡೋದೇ ಅಸಹ್ಯ ಆಗಿ ಬಿಡ್ತಿದ್ರೆ ಬೇರೆ ಮಾತು, ಅಂಥವರಿಗೆ ಎಡಿಟಿಂಗೇ ಸರಿ. ನಿಮ್ಮ ಬರಹ ನೋಡಿದ್ರೆ ಸಾಕಾಗಿರೋದು ಸಂಬಳ ಮತ್ತೆ ಟೈಮ್‌ಟೇಬಲ್, ಪಾಠ ಅಲ್ಲ.

ರೆಸ್ಯೂಮೆಲಿ ‘ಲರ್ನಿಂಗ್ ಎಕ್ಸ್‌ಪೀರಿಯೆನ್ಸ್ ಆರ್ಕಿಟೆಕ್ಟ್’ ಅಂತೆಲ್ಲಾ ಬಣ್ಣ ಬಳೀಬೇಡಿ. ಯಾರಿಗೆ, ಏನನ್ನ, ಎಷ್ಟು ಕಾಲದಲ್ಲಿ ಕಲಿಸಿದ್ರಿ, ಕಲಿತ್ರು ಅಂತ ಹೇಗೆ ಪರೀಕ್ಷೆ ಮಾಡಿದ್ರಿ ಅಂತ ಬರೀರಿ. ಹಳೇ ಲೆಸನ್ ಪ್ಲಾನ್ ಒಂದನ್ನ ತಗೊಂಡು, ಟೀಚರ್ ಇಲ್ಲದೇ ಒಬ್ಬರೇ ಕೂತು ಕಲಿಯೋ ಹಾಗೆ ಸ್ಕ್ರೀನ್ ಮೇಲೆ ಮಾಡಿ ತೋರ್ಸಿ, ಸ್ಯಾಂಪಲ್ಲಿಗೆ ಸಾಕು.

ಎಡಿಟಿಂಗ್ ಆಫರ್, ದುಡ್ಡಿನ ತುರ್ತು ಇದ್ರೆ ತಗೊಳ್ಳಿ. ಆದ್ರೆ ಲೆಟರಲ್ಲಿ ಫ್ರೆಷರ್ ಅಂತ ಬರೆಸ್ಕೋಬೇಡಿ, ಟೀಚಿಂಗ್ ವರ್ಷಗಳನ್ನ ಎಣಿಸಿ ಅಂತ ಸಹಿ ಹಾಕೋ ಮುಂಚೆನೇ ಕೇಳಿ. ಆಮೇಲೆ ಕೇಳಿದ್ರೆ ನಗ್ತಾರೆ, ನನ್ನ ಮುಂದೆ ನಕ್ರು, ನನ್ನ ಸಂಬಳ ಇವತ್ತಿಗೂ ಆ ಫ್ರೆಷರ್ ಮೊತ್ತದ ಮೇಲೇ ಪರ್ಸೆಂಟ್ ಲೆಕ್ಕದಲ್ಲಿ ಏರ್ತಿದೆ.